ಹೇಳಿದವನ ತಲೆಗೇ ಬಂದರೆ ಇನ್ಯಾರು ಹೇಳುತ್ತಾರೆ?

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಮಷೀನ್ ಶಾಪ್ ಇದೆ. ತಂದೆ ಕಟ್ಟಿದ್ದು. ಎರಡು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ, ಅವರೂ ದಿನಕ್ಕೊಂದು ಸಲ ಬಂದು ಹೋಗುತ್ತಾರೆ. ಒಂಬತ್ತು ಸಿಎನ್‌ಸಿ ಲೇತ್, ಎರಡು ವಿಎಂಸಿ (ಎರಡೂ ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಮಷೀನುಗಳು), ಎರಡು ಶಿಫ್ಟ್, ಒಟ್ಟು 62 ಜನ. ಕಳೆದ ತಿಂಗಳು 1,400 ಬುಷ್‌ಗಳ ಲಾಟ್ ಕಸ್ಟಮರ್ ಕಡೆಯಿಂದ ವಾಪಸ್ ಬಂತು, ಬೋರ್ (ಬುಷ್ ಅನ್ನುವ ಕೊಳವೆಯಂಥ ಬಿಡಿಭಾಗದ ಒಳತೂತು) ದೊಡ್ಡದಾಗಿದೆ ಅಂತ. ವಿಚಾರಿಸಿದರೆ ಇಲ್ಲಿಂದ ಹೊರಡುವ ಮೊದಲೇ ಮೂವರಿಗೆ ಗೊತ್ತಿತ್ತು! ಯಾಕೆ ಹೇಳಲಿಲ್ಲ ಅಂದರೆ ಬಾಯಿ ಬಿಡುವುದಿಲ್ಲ. ಸಲಹಾ ಪೆಟ್ಟಿಗೆ ಇಟ್ಟು ನಾಲ್ಕು ತಿಂಗಳಾಯಿತು, ಬಂದಿದ್ದು ಎರಡು ಚೀಟಿ, ಅದರಲ್ಲೊಂದು ಕ್ಯಾಂಟೀನಿನ ಉಪ್ಪಿಟ್ಟಿನ ಮೇಲೆ ದೂರು. ಮೀಟಿಂಗ್‌ನಲ್ಲಿ ಕೇಳಿದರೆ ‘ಏನೂ ಪ್ರಾಬ್ಲಮ್ ಇಲ್ಲ ಸಾರ್’. ಎಲ್ಲರಿಗೂ ಲೀಡರ್‌ಶಿಪ್ ಟ್ರೈನಿಂಗ್ ಕೊಡಿಸೋಣ ಅಂದುಕೊಂಡಿದ್ದೇನೆ. ಕಂಪನಿಯ ವಾತಾವರಣ ಬದಲಾಗಬೇಕಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಟ್ರೈನಿಂಗ್‌ಗೆ ಎತ್ತಿಟ್ಟ ದುಡ್ಡು ಸದ್ಯಕ್ಕೆ ಹಾಗೇ ಇರಲಿ. ನಿಮ್ಮ ಜನಕ್ಕೆ ಮಾತು ಬರುತ್ತದೆ. ಟೀ ಬ್ರೇಕಿನಲ್ಲಿ ಕಂಪನಿಯ ಜಾತಕವನ್ನೇ ಬಿಚ್ಚಿಡುತ್ತಾರೆ, ನಿಮ್ಮ ಮುಂದೆ ಮಾತ್ರ ಆಡುವುದಿಲ್ಲ. ಮೂವರಿಗೆ ಗೊತ್ತಿದ್ದೂ ಮೂವರೂ ಸುಮ್ಮನಿದ್ದರು ಅಂದರೆ ಒಬ್ಬೊಬ್ಬರ ಸ್ವಭಾವವನ್ನು ದೂರಿ ಪ್ರಯೋಜನವಿಲ್ಲ. ಮೂವರೂ ಲೆಕ್ಕ ಹಾಕಿದ್ದಾರೆ. ಹೇಳಿದರೆ ಬೈಗುಳ ಇವತ್ತೇ, ಅದೂ ಗ್ಯಾರಂಟಿ. ಹೇಳದಿದ್ದರೆ ಸಿಕ್ಕಿಬೀಳಬಹುದು, ಬೀಳದೆಯೂ ಇರಬಹುದು, ಬಿದ್ದರೂ ಮುಂದಿನ ತಿಂಗಳು, ಅಷ್ಟರಲ್ಲಿ ಯಾರ ಶಿಫ್ಟ್ ಅನ್ನುವುದೇ ಮರೆತಿರುತ್ತದೆ. ಅವರ ಜಾಗದಲ್ಲಿದ್ದರೆ ನೀವೂ ಹೀಗೇ ಲೆಕ್ಕ ಹಾಕುತ್ತಿದ್ದಿರಿ. ಈ ಲೆಕ್ಕ ತಿರುಗಬೇಕು, ತಿರುಗಿಸುವುದು ಯಜಮಾನನ ಕೆಲಸ. ಒಬ್ಬ ಬಂದು ಕೆಟ್ಟ ಸುದ್ದಿ ಹೇಳಿದ ಮೇಲಿನ ಅರ್ಧ ಗಂಟೆಯಲ್ಲಿ ನೀವೇನು ಮಾಡುತ್ತೀರಿ ಅನ್ನುವುದರಲ್ಲೇ ಅದು ಮುಕ್ಕಾಲು ಪಾಲು ಇತ್ಯರ್ಥವಾಗುತ್ತದೆ.

ಆ ಬುಷ್‌ಗಳನ್ನೇ ಹಿಡಿದು ನೋಡೋಣ. ಡ್ರಾಯಿಂಗಿನ ಅಳತೆ ಏನು ಅಂತ ನೀವು ತಿಳಿಸಿಲ್ಲ. 25 ಎಂಎಂ ಬೋರ್, ಎಚ್7 (ತೂತು ಎಷ್ಟು ಹೆಚ್ಚು ಕಡಿಮೆ ಇರಬಹುದು ಅನ್ನುವ ಮಿತಿಯ ಗುರುತು) ಅಂತ ಇಟ್ಟುಕೊಳ್ಳಿ. 25.000ರಿಂದ 25.021ರ ಒಳಗಿರಬೇಕು, ಇರುವುದು 21 ಮೈಕ್ರಾನ್ ಜಾಗ. ಬೋರಿಂಗ್ ಇನ್ಸರ್ಟ್, ಅಂದರೆ ತೂತು ಕೊರೆಯುವ ಮೂತಿ, ಸವೆದಂತೆಲ್ಲ ಬೋರ್ ಚಿಕ್ಕದಾಗುತ್ತಾ ಬರುತ್ತದೆ. ಆಪರೇಟರ್ ಐದು ಮೈಕ್ರಾನ್, ಮತ್ತೈದು ಮೈಕ್ರಾನ್ ಅಂತ ಆಫ್‌ಸೆಟ್ (ಟೂಲನ್ನು ಜರುಗಿಸುವ ಅಳತೆ) ಕೊಟ್ಟು ಸರಿದೂಗಿಸುತ್ತಾನೆ. ಶಿಫ್ಟಿನ ಕೊನೆಗೆ ಇನ್ಸರ್ಟ್ ಬದಲಾಯಿಸುತ್ತಾರೆ, ಹಳೆಯ ಆಫ್‌ಸೆಟ್ ತೆಗೆಯುವುದು ಮರೆಯುತ್ತದೆ. ಹೊಸ ಮೂತಿ ಪೂರ್ತಿ ಕೊರೆಯುತ್ತದೆ, ಬೋರ್ ದೊಡ್ಡದಾಗುತ್ತದೆ. ಚಿಕ್ಕದಾಗಿದ್ದರೆ ಇನ್ನೊಂದು ಪಾಸ್ ಹೊಡೆದು ಉಳಿಸಿಕೊಳ್ಳಬಹುದಿತ್ತು. ದೊಡ್ಡದಾದ ಮೇಲೆ ಸ್ಕ್ರ್ಯಾಪೇ ಗತಿ. ಬುಷ್ ಬೋರ್ ದೊಡ್ಡದಾಗುವುದಕ್ಕೆ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಕಾರಣ ಇದು. ನಿಮ್ಮಲ್ಲೂ ಇದೇ ಆಗಿದೆಯೋ ಅನ್ನುವುದನ್ನು ಟೂಲ್ ಬದಲಾಯಿಸಿದ ಹೊತ್ತು ನೋಡಿ ಖಾತ್ರಿ ಮಾಡಿಕೊಳ್ಳಿ.

ಮುಂದಿನ ಶಿಫ್ಟಿನವನು ಬಂದು ಗೇಜ್ ಹಾಕುತ್ತಾನೆ. ಇಳಿಯಬಾರದ ನೋ-ಗೋ ಕಡೆ ಸಲೀಸಾಗಿ ಇಳಿಯುತ್ತದೆ. ಅಷ್ಟು ಹೊತ್ತಿಗೆ ಕೆಟ್ಟಿರುವುದು ಹೆಚ್ಚೆಂದರೆ ನಲವತ್ತು ಪೀಸು. ಪೀಸಿಗೆ 90 ರೂಪಾಯಿ ಹಿಡಿದರೆ 3,600. ಅವನು ಮಷೀನ್ ಹೊಂದಿಸಿಕೊಡುವ ಸೆಟ್ಟರ್‌ಗೆ ಹೇಳುತ್ತಾನೆ. ಸೆಟ್ಟರ್ ಸೂಪರ್‌ವೈಸರ್ ಮುಖ ನೋಡುತ್ತಾನೆ. ಸಾಯಂಕಾಲ ಲಾರಿ ಬರುತ್ತದೆ. ‘ಮೊದ್ಲೇ ನೋಡೋಕೆ ಏನಾಗಿತ್ತು ನಿಂಗೆ?’ ಅನ್ನುವ ಮಾತು ಕೇಳಿಸಿಕೊಳ್ಳುವ ಬದಲು ‘ಓಡ್ಸು, ಆಮೇಲ್ ನೋಡ್ಕೊಳ್ಳೋಣ’ ಅನ್ನುವುದು ಸುಲಭ. 3,600 ರೂಪಾಯಿಯ ಸುದ್ದಿ ಅಲ್ಲೇ ನಿಂತುಹೋಯಿತು. 1,400 ಪೀಸಿಗೆ 1,26,000, ಅದರ ಮೇಲೆ ಎರಡು ಕಡೆಯ ಲಾರಿ ಬಾಡಿಗೆ, ಕಸ್ಟಮರ್ ಫ್ಯಾಕ್ಟರಿಯಲ್ಲಿ ಕೂತು ಸಾರ್ಟ್ ಮಾಡುವವರ ಕೂಲಿ, ಕೊನೆಗೆ ಕಸ್ಟಮರ್ ನಿಮ್ಮ ಬಿಲ್ಲಿನಲ್ಲಿ ದುಡ್ಡು ಮುರಿದುಕೊಳ್ಳುವ ಡೆಬಿಟ್ ನೋಟ್.

ಈಗ ಆ ಹುಡುಗ ನೇರ ನಿಮ್ಮ ಹತ್ತಿರ ಬಂದ ಅಂತಿಟ್ಟುಕೊಳ್ಳಿ. ಕೇಳಬೇಕಾದ್ದು ಇಷ್ಟೇ: ಎಷ್ಟು ಪೀಸು? ಎಲ್ಲಿಟ್ಟಿದ್ದೀರಿ? ಮಷೀನ್ ನಿಂತಿದೆಯಾ? ಮೂರಕ್ಕೂ ಉತ್ತರ ಬಂದ ಮೇಲೆ ‘ಹೇಳಿದ್ದು ಒಳ್ಳೇದಾಯ್ತು’ ಅನ್ನಿ, ಜೊತೆಗೆ ಎದ್ದು ಮಷೀನಿನ ತನಕ ನಡೆಯಿರಿ. ‘ಯಾರು ಮಾಡಿದ್ದು?’ ಅನ್ನುವ ಪ್ರಶ್ನೆ ಆ ಹೊತ್ತಿಗೆ ನಾಲಿಗೆ ತುದಿಗೆ ಬಂದೇ ಬರುತ್ತದೆ. ನುಂಗಿಕೊಳ್ಳಿ. ಯಾವ ಮಷೀನು, ಯಾವ ಶಿಫ್ಟು ಅಂತ ಗೊತ್ತಾದರೆ ಹೆಸರು ತಾನಾಗಿ ಗೊತ್ತಾಗುತ್ತದೆ, ಅದನ್ನು ಎಲ್ಲರೆದುರು ಬಾಯಲ್ಲಿ ಹೇಳಿಸಬೇಕಾಗಿಲ್ಲ. ರಿಜೆಕ್ಷನ್ ಟ್ಯಾಗಿನಲ್ಲೂ ಆಪರೇಟರ್ ಹೆಸರಿನ ಕಾಲಂ ತೆಗೆದುಹಾಕಿ. ಪಾರ್ಟ್ ನಂಬರ್, ಸಂಖ್ಯೆ, ಮಷೀನ್ ನಂಬರ್, ಹೊತ್ತು, ಕಂಡ ದೋಷ, ಇಷ್ಟು ಸಾಕು. ಹೆಸರು ಬರೆಯುವ ಕಾಲಂ ಇರುವ ತನಕ ಆ ಟ್ಯಾಗಿಗೆ ಕೈ ಹಾಕಲು ಜನ ಹಿಂಜರಿಯುತ್ತಾರೆ.

ರಿಜೆಕ್ಷನ್ ದುಡ್ಡನ್ನು ಸಂಬಳದಲ್ಲಿ ಹಿಡಿಯುವ ಪದ್ಧತಿ ನಿಮ್ಮಲ್ಲಿದ್ದರೆ, ನಾಳೆಯೇ ನಿಲ್ಲಿಸಿ. ನೀವು ಬರೆದಿಲ್ಲ, ಆದರೆ ಮೂವರು ಒಟ್ಟಿಗೆ ಬಾಯಿ ಮುಚ್ಚಿಕೊಂಡಿರುವಾಗ ಇದನ್ನು ಕೇಳಲೇಬೇಕಾಗುತ್ತದೆ. ಹಾಗೆ ಹಿಡಿಯಲು ಕಾನೂನೂ ಸಲೀಸಾಗಿ ಬಿಡುವುದಿಲ್ಲ. ನಷ್ಟ ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಸಮಜಾಯಿಷಿ ಹೇಳಲು ಅವನಿಗೆ ಅವಕಾಶ ಕೊಟ್ಟಿರಬೇಕು, ಹಿಡಿದ ಮೊತ್ತ ನಷ್ಟವನ್ನು ಮೀರಬಾರದು. ಕಾನೂನು ಹಾಗಿರಲಿ. ಒಬ್ಬನಿಂದ 800 ರೂಪಾಯಿ ಹಿಡಿದರೆ ಉಳಿದ 61 ಜನಕ್ಕೆ ಸುದ್ದಿ ಮುಟ್ಟುತ್ತದೆ: ಇಲ್ಲಿ ನಿಜ ಹೇಳಿದರೆ 800 ರೂಪಾಯಿ ದಂಡ. ಇನ್ಸೆಂಟಿವ್ ಕೊಡುತ್ತಿದ್ದರೆ ಅದೂ ಬರೀ ಪೀಸಿನ ಎಣಿಕೆಯ ಮೇಲಿರಬಾರದು. ಇನ್‌ಸ್ಪೆಕ್ಷನ್ ದಾಟಿದ ಪೀಸಿಗಷ್ಟೇ ಇನ್ಸೆಂಟಿವ್, ಮತ್ತು ದೋಷ ಕಂಡು ತಾನಾಗಿ ಮಷೀನ್ ನಿಲ್ಲಿಸಿದ ಸಮಯವನ್ನು ಓಡಿದ ಸಮಯ ಅಂತಲೇ ಲೆಕ್ಕ ಹಿಡಿಯಿರಿ. ಇದೊಂದು ಬದಲಾವಣೆ ಹತ್ತು ಟ್ರೈನಿಂಗ್‌ಗಿಂತ ಮೇಲು.

ಹಾಗಂತ ಶಿಸ್ತು ಸಡಿಲ ಬಿಡಿ ಅಂತಲ್ಲ. ತಪ್ಪುಗಳಲ್ಲಿ ಜಾತಿ ಬೇರೆ ಬೇರೆ ಇವೆ, ಒಂದೇ ಕೋಲಿನಲ್ಲಿ ಅಳೆಯಬಾರದು. ಆಫ್‌ಸೆಟ್ ತೆಗೆಯಲು ಮರೆತದ್ದು ಕೈತಪ್ಪು; ಟೂಲ್ ಚೇಂಜ್ ಆದ ಮೇಲಿನ ಮೊದಲ ಪೀಸನ್ನು ಇನ್‌ಸ್ಪೆಕ್ಟರ್ ಅಳೆದು ಸಹಿ ಹಾಕುವ ತನಕ ಎರಡನೇ ಪೀಸ್ ಓಡಿಸಕೂಡದು ಅಂತ ನಿಯಮ ಮಾಡಿದರೆ ಅದು ಮುಗಿಯಿತು. ಬೋರ್ ಗೇಜ್ ಹಿಡಿಯಲು ಬಾರದೆ ತಪ್ಪಳತೆ ಕೊಟ್ಟರೆ ಕಲಿಸುವುದು ನಿಮ್ಮ ಹೊಣೆ. ಗಂಟೆಗೊಂದು ಸಲ ಅಳೆಯಿರಿ ಅಂತ ಹೇಳಿ ನಾಲ್ಕು ಮಷೀನಿಗೆ ಒಂದೇ ಗೇಜ್ ಕೊಟ್ಟಿದ್ದರೆ ತಪ್ಪು ನಿಮ್ಮದೇ. ಬೇಕಂತಲೇ, ಬಾಗಿಲು ತೆರೆದರೆ ಮಷೀನ್ ನಿಲ್ಲಿಸುವ ಇಂಟರ್‌ಲಾಕ್ ಬೈಪಾಸ್ ಮಾಡಿದರೆ, ಅಳೆಯದೆ ರಿಪೋರ್ಟ್ ತುಂಬಿದರೆ, ಕೆಟ್ಟ ಪೀಸನ್ನು ಒಳ್ಳೆಯದರ ಮಧ್ಯೆ ಸೇರಿಸಿದರೆ ಮಾತ್ರ ಮೆಮೋ, ಅದೂ ಬರವಣಿಗೆಯಲ್ಲಿ. ಒಂದು ತಾರೀಕು ಗೊತ್ತು ಮಾಡಿ ಹೀಗೆ ಘೋಷಿಸಿ: ಇವತ್ತಿನಿಂದ ಹೇಳಿದ ತಪ್ಪಿಗೆ ಶಿಕ್ಷೆ ಇಲ್ಲ, ಬಚ್ಚಿಟ್ಟ ತಪ್ಪಿಗೆ ಇದೆ. ಹಿಂದಿನದ್ದೆಲ್ಲ ಮಾಫಿ, ಬುಷ್ ಪ್ರಕರಣವೂ ಸೇರಿ. ಆ ಮೂವರನ್ನು ಈಗ ಕಾಡಿದರೆ ಮುಂದಿನದು ಯಾವುದೂ ನಡೆಯುವುದಿಲ್ಲ.

ಇನ್ನು ಸಲಹಾ ಪೆಟ್ಟಿಗೆ. ಅದು ಸೋಲುವುದಕ್ಕೆ ಕಾರಣ ಸರಳ: ಚೀಟಿ ಒಳಗೆ ಹೋಗುತ್ತದೆ, ಉತ್ತರ ಹೊರಗೆ ಬರುವುದಿಲ್ಲ. ಆ ಉಪ್ಪಿಟ್ಟಿನ ಚೀಟಿಗೆ ನೀವೇನು ಮಾಡಿದಿರಿ ಅಂತ ಬರೆದಿಲ್ಲ. ನಗು ಬಂದಿರಬಹುದು. ಆದರೆ ಬರೆದವನು ನಿಮ್ಮನ್ನು ಪರೀಕ್ಷೆ ಮಾಡಿದ್ದಾನೆ: ಉಪ್ಪಿಟ್ಟಿನ ಮಾತಿಗೇ ಉತ್ತರ ಕೊಡದವರು ಬೋರಿನ ಮಾತಿಗೆ ಕೊಡುತ್ತಾರಾ? ಪೆಟ್ಟಿಗೆ ತೆಗೆದು, ಪಂಚಿಂಗ್ ಮಷೀನ್ ಪಕ್ಕದ ಗೋಡೆಗೆ ನಾಲ್ಕಡಿ ಅಗಲ, ಮೂರಡಿ ಎತ್ತರದ ಬಿಳಿ ಬೋರ್ಡ್ ಹಾಕಿಸಿ. ಕನ್ನಡದಲ್ಲೇ ಬರೆಯಿರಿ. ನಿನ್ನೆ ಆಗಬೇಕಿದ್ದ ಪೀಸು, ಆದ ಪೀಸು. ಒಳಗೇ ಸಿಕ್ಕಿದ ರಿಜೆಕ್ಷನ್, ಕಸ್ಟಮರ್ ಕಡೆ ಸಿಕ್ಕಿದ ರಿಜೆಕ್ಷನ್. ಇವೆರಡನ್ನೂ ಬೇರೆ ಬೇರೆ ಬರೆಯುವುದು ಬಹಳ ಮುಖ್ಯ, ಯಾಕೆ ಅನ್ನುವುದು ಮುಂದೆ ಬರುತ್ತದೆ. ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಂತ ಮಷೀನು, ಕಾರಣ. ಬೋರ್ಡಿನ ಅರ್ಧ ಜಾಗ ಮಾತ್ರ ಒಂದಕ್ಕೇ ಮೀಸಲು: ಜನ ಕೇಳಿದ್ದು, ಉತ್ತರ ಕೊಡಬೇಕಾದವರ ಹೆಸರು, ಉತ್ತರದ ತಾರೀಕು. ಮೂರು ಕೆಲಸದ ದಿನದೊಳಗೆ ಆಗುತ್ತದೆ, ಆಗುವುದಿಲ್ಲ, ಇಂಥ ದಿನ ಆಗುತ್ತದೆ, ಈ ಮೂರರಲ್ಲೊಂದು ಅಲ್ಲಿ ಕಾಣಬೇಕು. ‘ಆಗುವುದಿಲ್ಲ’ ಅಂತ ಕಾರಣ ಸಮೇತ ಬರೆದರೆ ಜನ ಒಪ್ಪುತ್ತಾರೆ. ‘ನೋಡೋಣ’ ಅನ್ನುವ ಹಾರಿಕೆ ಉತ್ತರವನ್ನು ಯಾರೂ ನಂಬುವುದಿಲ್ಲ.

ಮೊದಲು ಬರುವ ಹತ್ತು ಬೇಡಿಕೆ ಸಣ್ಣಪುಟ್ಟವೇ ಆಗಿರುತ್ತವೆ. ಟಾಯ್ಲೆಟ್ಟಿನ ಚಿಲಕ, ಕುಡಿಯುವ ನೀರಿನ ಫಿಲ್ಟರ್, ಐದನೇ ಮಷೀನ್ ಹತ್ತಿರ ಫ್ಯಾನ್, ವಾಸನೆ ಬಂದ ಕೂಲಂಟ್. ಹದಿನೈದು ಇಪ್ಪತ್ತು ಸಾವಿರ ಎತ್ತಿಟ್ಟುಕೊಂಡು ವಾರದೊಳಗೆ ಮಾಡಿಸಿಬಿಡಿ. ಇದು ಧಾರಾಳತನ ತೋರಿಸುವ ಲೆಕ್ಕವಲ್ಲ. ಸಣ್ಣದು ಹೇಳಿ ಕೆಲಸ ಆದ ಮೇಲೆಯೇ ಜನ ದೊಡ್ಡದಕ್ಕೆ ಬಾಯಿ ತೆರೆಯುತ್ತಾರೆ.

ಬೋರ್ಡಿನ ಮುಂದೆ ಶಿಫ್ಟ್ ಬದಲಾಗುವಾಗ ಹತ್ತು ನಿಮಿಷದ ನಿಂತ ಮೀಟಿಂಗ್. ಮೊದಲ ಶಿಫ್ಟ್ ಎರಡಕ್ಕೆ ಮುಗಿಯುವುದಾದರೆ 1.50ಕ್ಕೆ. ಹೋಗುವವರು, ಬರುವವರು ಇಬ್ಬರೂ ಇರಬೇಕು. ಆ ಹತ್ತು ನಿಮಿಷ ಸಂಬಳದೊಳಗಿನ ಸಮಯವಾಗಿರಲಿ. ಬಸ್ಸು ತಪ್ಪಿಸಿಕೊಂಡು ಪುಕ್ಕಟೆ ನಿಲ್ಲಿಸಿದರೆ ಮೂರನೇ ದಿನಕ್ಕೆ ಗೊಣಗಾಟ ಶುರುವಾಗುತ್ತದೆ. ನಡೆಸುವುದು ಸೂಪರ್‌ವೈಸರ್, ನೀವಲ್ಲ. ನೀವು ಬಂದರೆ ಹಿಂದೆ ನಿಂತು ಕೊನೆಗೆ ಮಾತಾಡಿ. ಓನರ್ ಮೊದಲು ಬಾಯಿ ತೆರೆದರೆ ಉಳಿದವರೆಲ್ಲ ‘ಹೌದು ಸಾರ್’ ಅಂತಾರೆ, ಅಲ್ಲಿಗೆ ಮೀಟಿಂಗ್ ಮುಗಿದಂತೆ. ‘ಏನಾದ್ರೂ ಪ್ರಾಬ್ಲಮ್ ಇದೆಯಾ?’ ಅಂತಂತೂ ಕೇಳಲೇಬೇಡಿ. ‘ಇಲ್ಲ’ ಅನ್ನುವುದೇ ಅದಕ್ಕಿರುವ ಸುಲಭದ ಉತ್ತರ. ‘ನಿನ್ನೆ ಯಾವ ಮಷೀನ್ ಹೆಚ್ಚು ಕಾಟ ಕೊಡ್ತು?’ ಅನ್ನಿ, ಮಾತು ಹುಟ್ಟುತ್ತದೆ.

ಜನ ಬಿಚ್ಚಿ ಮಾತಾಡಬೇಕಾದರೆ ಮೊದಲು ಬಿಚ್ಚಬೇಕಾದವರು ನೀವು. ಈ ಕ್ರಮ ಮೈಸೂರಿಗೆ ಹೊಸದೇನಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ ಪ್ರಜಾಪ್ರತಿನಿಧಿ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಸರಾ ಹೊತ್ತಿಗೆ ಸೇರಿದವರ ಮುಂದೆ ದಿವಾನರು ಸಂಸ್ಥಾನದ ಆದಾಯ, ಖರ್ಚು, ಕೈಗೊಂಡ ಕೆಲಸಗಳ ವಿವರ ಇಡುವರು, ಪ್ರತಿನಿಧಿಗಳು ತಮ್ಮ ತಾಲ್ಲೂಕಿನ ಅಹವಾಲು ಹೇಳುವರು. ಲೆಕ್ಕ ಮೊದಲು, ಅಹವಾಲು ಆಮೇಲೆ. ನೀವೂ ತಿಂಗಳಿಗೊಂದು ಸಲ, ಸಂಬಳದ ಮರುದಿನ, ಇಪ್ಪತ್ತು ನಿಮಿಷ ನಿಂತು ಹೇಳಿ: ಈ ತಿಂಗಳು ಎಷ್ಟರ ಮಾಲು ಹೋಯಿತು, ರಿಜೆಕ್ಷನ್‌ನಲ್ಲಿ ಎಷ್ಟು ರೂಪಾಯಿ ಹೋಯಿತು, ಕರೆಂಟ್ ಬಿಲ್ ಎಷ್ಟು, ಯಾವ ಕಸ್ಟಮರ್ ದುಡ್ಡು ತಡವಾಗಿದೆ, ಮುಂದಿನ ತಿಂಗಳು ಆರ್ಡರ್ ಹೇಗಿದೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂಬ ಕಾನೂನಿದ್ದರೂ 90 ದಿನ ಎಳೆಯುತ್ತಾರೆ ಅನ್ನುವುದು ನಿಮ್ಮ ಆಪರೇಟರ್‌ಗೆ ಗೊತ್ತಿಲ್ಲದಿದ್ದರೆ, ‘ದುಡ್ಡಿಲ್ಲ’ ಅಂತ ನೀವು ಹೇಳುವುದೆಲ್ಲ ಅವನ ಕಿವಿಗೆ ಸುಳ್ಳಾಗಿಯೇ ಕೇಳುತ್ತದೆ.

ಬೋನಸ್ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಕಾನೂನಿನ ಪ್ರಕಾರ ಕನಿಷ್ಠ 8.33, ಗರಿಷ್ಠ 20 ಪರ್ಸೆಂಟ್. ಆಯುಧಪೂಜೆಗೆ ನಾಲ್ಕು ದಿನ ಇರುವಾಗ ಒಂದು ಅಂಕಿ ಎಸೆದರೆ ವರ್ಷವಿಡೀ ಕಟ್ಟಿದ ನಂಬಿಕೆ ಒಂದೇ ದಿನ ಹೋಗುತ್ತದೆ. ಪಕ್ಷದ ಹೊತ್ತಿಗೇ, ಅಂದರೆ ಎರಡು ಮೂರು ವಾರ ಮೊದಲು, ಈ ವರ್ಷ ಎಷ್ಟು, ಯಾಕೆ ಅಷ್ಟು ಅಂತ ಒಂದು ಹಾಳೆಯಲ್ಲಿ ಲೆಕ್ಕ ಬರೆದು ಬೋರ್ಡಿಗೆ ಅಂಟಿಸಿ. ಎಲ್ಲವನ್ನೂ ತೆರೆದಿಡಬೇಕಾಗಿಲ್ಲ. ಒಬ್ಬೊಬ್ಬರ ಸಂಬಳ, ಕಸ್ಟಮರ್‌ನ ಡ್ರಾಯಿಂಗ್ ಮತ್ತು ದರ, ಬ್ಯಾಂಕಿನ ಜೊತೆ ಇನ್ನೂ ನಡೆಯುತ್ತಿರುವ ಮಾತು, ಹೆಣ್ಣುಮಕ್ಕಳು ಕೊಟ್ಟ ದೂರು, ಇವು ಗುಟ್ಟಾಗೇ ಇರಬೇಕು. ಹೆಲ್ಪರ್‌ಗೆ ಎಷ್ಟರಿಂದ ಎಷ್ಟು, ಸೆಟ್ಟರ್‌ಗೆ ಎಷ್ಟರಿಂದ ಎಷ್ಟು ಅನ್ನುವ ಗ್ರೇಡಿನ ಮಿತಿ, ಮೇಲಿನ ಗ್ರೇಡಿಗೆ ಹೋಗಲು ಏನು ಕಲಿಯಬೇಕು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತಿರಲಿ.

ಇಷ್ಟೆಲ್ಲ ಮಾಡಿದರೂ ಕೆಲಸ ಕೆಡುವುದು ಸೂಪರ್‌ವೈಸರ್‌ಗಳ ಮಟ್ಟದಲ್ಲಿ. ಕೆಟ್ಟವರು ಅಂತಲ್ಲ, ಅಡಕತ್ತರಿಯಲ್ಲಿ ಸಿಕ್ಕಿದವರು ಅವರೇ. ಮೇಲಿಂದ ನೀವು ಡಿಸ್ಪ್ಯಾಚ್ ಕೇಳುತ್ತೀರಿ, ಕೆಳಗಿನವರು ನೇರ ನಿಮಗೇ ಹೇಳಲು ಶುರು ಮಾಡಿದರೆ ಅವರ ಮರ್ಯಾದೆ ಹೋಯಿತು ಅನ್ನಿಸುತ್ತದೆ. ‘ನನ್ನ ಕ್ಯಾಬಿನ್ ಬಾಗಿಲು ಯಾವಾಗಲೂ ತೆರೆದಿರುತ್ತೆ’ ಅಂತ ಹೇಳುವ ಓನರ್‌ಗಳು ಮರೆಯುವುದು ಇದನ್ನೇ. ಹುಡುಗ ನಿಮ್ಮ ಕ್ಯಾಬಿನ್ನಿಂದ ಆಚೆ ಬಂದ ತಕ್ಷಣ ‘ಏನೋ, ಸಾಹೇಬ್ರ ಹತ್ರ ಹೋಗಿದ್ದೆ?’ ಅನ್ನುವ ಪ್ರಶ್ನೆ ಕಾದಿರುತ್ತದೆ. ಅದಕ್ಕೆ ಯಾರು ಬಂದು ಹೇಳಿದರೂ ಕೇಳಿಸಿಕೊಳ್ಳಿ, ತೀರ್ಮಾನವನ್ನು ಅಲ್ಲೇ ಕೊಡಬೇಡಿ. ‘ಇದನ್ನ ನಿಮ್ಮ ಸೂಪರ್‌ವೈಸರ್ ಹತ್ರ ನಾನೇ ಮಾತಾಡ್ತೀನಿ, ಸಂಜೆಯೊಳಗೆ ಅವರೇ ನಿಮಗೆ ಹೇಳ್ತಾರೆ’ ಅನ್ನಿ, ಹಾಗೇ ಮಾಡಿ. ಉತ್ತರ ಸೂಪರ್‌ವೈಸರ್ ಬಾಯಿಂದಲೇ ಹೋದರೆ ಅವರ ಮುಖ ಉಳಿಯುತ್ತದೆ.

ಸೇಡಿನ ಮೇಲೆ ಕಣ್ಣಿಡಿ. ಶಾಪಿನಲ್ಲಿ ಸೇಡು ಜಗಳದ ರೂಪದಲ್ಲಿ ಬರುವುದಿಲ್ಲ, ರಿಜಿಸ್ಟರ್‌ನಲ್ಲಿ ಬರುತ್ತದೆ. ದೂರು ಹೇಳಿದವನ ಓಟಿ ಮಾಯವಾಗುತ್ತದೆ, ಸತತ ಎರಡನೇ ಶಿಫ್ಟ್ ಬೀಳುತ್ತದೆ, ಎಲ್ಲರೂ ದೂರ ಓಡುವ ಹಳೇ ಮಷೀನ್ ಅವನ ಪಾಲಿಗೆ ಬರುತ್ತದೆ, ರಜೆ ಅರ್ಜಿ ಮೇಜಿನ ಮೇಲೇ ಉಳಿಯುತ್ತದೆ. ಯಾರಾದರೂ ದೊಡ್ಡ ವಿಷಯ ಎತ್ತಿದ ಎರಡು ವಾರಕ್ಕೆ, ಆರು ವಾರಕ್ಕೆ ಓಟಿ ಪಟ್ಟಿ, ಶಿಫ್ಟ್ ಪಟ್ಟಿ, ರಜೆ ಪುಸ್ತಕ ಮೂರನ್ನೂ ನೀವೇ ತೆರೆದು ನೋಡಿ. ಹತ್ತು ನಿಮಿಷದ ಕೆಲಸ.

ಸೂಪರ್‌ವೈಸರ್‌ಗಳ ಜೊತೆ ವಾರಕ್ಕೆ ಇಪ್ಪತ್ತು ನಿಮಿಷ, ಒಬ್ಬೊಬ್ಬರೇ. ತಂದೆಯ ಕಾಲದಿಂದ ಇರುವವರಾದರೆ ನಿಮಗಿಂತ ಹಿರಿಯರು. ಏಕವಚನ ಬೇಡ, ತಂದೆ ಹಾಗೆ ಕರೆಯುತ್ತಿದ್ದರೂ ನೀವು ‘ನೀವು’ ಅನ್ನಿ. ಪ್ರಶ್ನೆ ಎರಡೇ: ಈ ವಾರ ನಾನು ಮಾಡಿದ್ದರಲ್ಲಿ ನಿಮ್ಮ ಕೆಲಸಕ್ಕೆ ಅಡ್ಡ ಬಂದಿದ್ದು ಯಾವುದು? ನನಗೆ ಗೊತ್ತಿಲ್ಲದ್ದು, ಗೊತ್ತಿರಬೇಕಾದದ್ದು ಏನಿದೆ? ಮೊದಲ ಮೂರು ವಾರ ‘ಏನಿಲ್ಲ ಬಿಡಿ ಸಾರ್’ ಅಂತಾರೆ. ಸುಮ್ಮನೆ ಕೂತಿರಿ. ನಾಲ್ಕನೇ ವಾರ ಒಂದು ಸಣ್ಣ ಮಾತು ಹೊರಗೆ ಬೀಳುತ್ತದೆ, ‘ನೀವು ಮಧ್ಯಾಹ್ನ ಪ್ಲಾನ್ ಚೇಂಜ್ ಮಾಡ್ಬುಟ್ರೆ ಸೆಟ್ಟಿಂಗಲ್ಲೇ ಎರಡು ಗಂಟೆ ಹೋಗ್ತದೆ’ ಅಂತಲೋ ಏನೋ. ಅದಕ್ಕೆ ಸಮರ್ಥನೆ ಕೊಡಲು ಹೋಗಬೇಡಿ, ಮುಂದಿನ ವಾರ ಮಧ್ಯಾಹ್ನ ಪ್ಲಾನ್ ಬದಲಾಯಿಸಬೇಡಿ.

ಇದರ ಮಗ್ಗುಲಲ್ಲೇ ಇರುವುದು ಚಾಡಿ. ನಮ್ಮ ಕಡೆಯ ಹೆಚ್ಚಿನ ಸಣ್ಣ ಕಂಪನಿಗಳಲ್ಲಿ ಓನರ್‌ಗೆ ‘ನಮ್ಮವನು’ ಅನ್ನುವ ಒಬ್ಬ ಇರುತ್ತಾನೆ. ಡ್ರೈವರೋ, ಸ್ಟೋರ್ಸ್‌ನವನೋ, ಊರಿನ ಕಡೆಯವನೋ. ಸಂಜೆ ಕಾರಿನ ಹತ್ತಿರ ನಿಂತು ಯಾರು ಏನಂದರು ಅಂತ ಒಪ್ಪಿಸುತ್ತಾನೆ. ಶಾಪಿನಲ್ಲಿ ಎಲ್ಲರಿಗೂ ಇದು ಗೊತ್ತು, ಹಾಗೆ ಗೊತ್ತಿದೆ ಅನ್ನುವುದು ಗೊತ್ತಿಲ್ಲದವರು ನೀವೊಬ್ಬರೇ. ಆ ದಾರಿ ನಡೆಯುವ ತನಕ ಬೋರ್ಡಿನ ಮುಂದೆ ಯಾರೂ ಮಾತಾಡುವುದಿಲ್ಲ, ಯಾಕೆಂದರೆ ಅಲ್ಲಿ ಆಡಿದ್ದು ಇನ್ನೊಂದು ಬಣ್ಣ ಬಳಿದುಕೊಂಡು ನಿಮ್ಮ ಕಿವಿಗೆ ಬರುತ್ತದೆ ಅಂತ ಅವರಿಗೆ ಗೊತ್ತು. ಅವನನ್ನು ಬೈದು ಅಟ್ಟಬೇಕಾಗಿಲ್ಲ. ‘ಅವರನ್ನೇ ಕರಿ, ಎದುರಿಗೇ ಮಾತಾಡೋಣ’ ಅನ್ನಿ. ಎರಡು ಸಲ ಹೀಗಂದರೆ ಮೂರನೇ ಸಲ ಅವನು ಬರುವುದಿಲ್ಲ. ಒಂದೇ ಊರಿನಿಂದ, ಒಬ್ಬನೇ ಕಂಟ್ರಾಕ್ಟರ್ ಮೂಲಕ ಬಂದ ಗುಂಪಿದ್ದರೆ ಇನ್ನೂ ಎಚ್ಚರ. ಅವರಲ್ಲಿ ಒಬ್ಬನೇ ಎಲ್ಲರ ಪರವಾಗಿ ಮಾತಾಡುತ್ತಾನೆ, ಉಳಿದವರ ಮಾತು ನಿಮಗೆ ಎಂದೂ ಕೇಳಿಸುವುದಿಲ್ಲ.

ವಾಟ್ಸ್ಆ್ಯಪ್ ಗ್ರೂಪ್ ಇದ್ದೇ ಇರುತ್ತದೆ. ಕೆಟ್ಟ ಪೀಸಿನ ಫೋಟೋ ಹಾಕಿ ಕೆಳಗೆ ಹೆಸರು ಹಾಕುವ ಚಾಳಿ ಬಿಡಿಸಿ. ರಜೆ, ಶಿಫ್ಟ್, ಕರೆಂಟ್ ಕಟ್ ಸುದ್ದಿಗಷ್ಟೇ ಅದು ಇರಲಿ.

ರಜೆಯ ಸುಳ್ಳುಗಳನ್ನು ನೋಡಿದರೆ ನಿಮ್ಮ ಕಂಪನಿಯಲ್ಲಿ ನಿಜಕ್ಕೆ ಎಷ್ಟು ಬೆಲೆ ಇದೆ ಅಂತ ಅಂದಾಜು ಸಿಗುತ್ತದೆ. ಒಬ್ಬನ ಅಜ್ಜಿ ವರ್ಷಕ್ಕೆ ಎರಡು ಸಲ ತೀರಿಕೊಳ್ಳುತ್ತಿದ್ದರೆ, ‘ಊರಹಬ್ಬ ಇದೆ, ಎರಡು ದಿನ ಬೇಕು’ ಅಂತ ಅವನು ನಿಜ ಹೇಳಿದಾಗ ಯಾರೋ ‘ಆಗಲ್ಲ’ ಅಂದಿದ್ದಾರೆ ಅಂತಲೇ ಅರ್ಥ. ಮಂಡ್ಯ, ಟಿ. ನರಸೀಪುರ, ನಂಜನಗೂಡು ಕಡೆಯಿಂದ ಬರುವವರಿಗೆ ನಾಟಿ, ಕಬ್ಬಿನ ಕಟಾವು, ಮಾರಿಹಬ್ಬ, ಪಕ್ಷ, ಯುಗಾದಿ ಮರುದಿನದ ಹೊಸತೊಡಕು, ಇವು ತಪ್ಪಿಸಲಾಗದ ದಿನಗಳು. ಮೂರು ತಿಂಗಳಿಗೊಂದು ಕ್ಯಾಲೆಂಡರ್ ಬೋರ್ಡಿನ ಪಕ್ಕ ನೇತುಹಾಕಿ ಬೇಕಾದ ದಿನವನ್ನು ಅವರೇ ಗುರುತು ಹಾಕುವಂತೆ ಮಾಡಿ. ಒಂದು ಲೈನಿನಿಂದ ಒಂದು ದಿನಕ್ಕೆ ಇಬ್ಬರಿಗಿಂತ ಹೆಚ್ಚಿಲ್ಲ ಅಂತ ಮಿತಿ ಹಾಕಿದರೆ ಹೊಂದಾಣಿಕೆಯನ್ನು ಅವರೊಳಗೇ ಮಾಡಿಕೊಳ್ಳುತ್ತಾರೆ. ಹೊಸತೊಡಕಿನ ದಿನವಂತೂ ಡಿಸ್ಪ್ಯಾಚ್ ಇಟ್ಟುಕೊಳ್ಳುವ ಸಾಹಸಕ್ಕೆ ಹೋಗಬೇಡಿ.

ಮಾತಾಡುವ ಧೈರ್ಯ ಬಂದರಷ್ಟೇ ಸಾಲದು, ಆಡಿದ ಮಾತಿಗೆ ನಿಲ್ಲಿಸುವ ಶಕ್ತಿ ಇರಬೇಕು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ ಒಂದೇ ನಿಮಿಷದ ಆಸುಪಾಸಿನಲ್ಲಿ ಸಿಡಿದು ಏಳು ಜನ ಸತ್ತರು. ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳು ಹಿಂದಿನ ರಾತ್ರಿಯೇ, ಈ ಚಳಿಯಲ್ಲಿ ಕೀಲು ಮುಚ್ಚುವ ರಬ್ಬರಿನ ಓ-ರಿಂಗ್ ಸರಿಯಾಗಿ ಕೂರುವುದಿಲ್ಲ, ಹಾರಿಸಬೇಡಿ ಅಂದಿದ್ದರು. ಮ್ಯಾನೇಜರ್‌ಗಳು ತಮ್ಮೊಳಗೇ ಮಾತಾಡಿಕೊಂಡು ಒಪ್ಪಿಗೆ ಕೊಟ್ಟರು. ನಿಮ್ಮಲ್ಲಿ ಆ ರಾತ್ರಿ, ತಿಂಗಳ ಕೊನೆಯ ಡಿಸ್ಪ್ಯಾಚ್ ಅವಸರದಲ್ಲಿ, ಪ್ರತಿ ತಿಂಗಳೂ 30, 31ನೇ ತಾರೀಕಿಗೆ ಬರುತ್ತದೆ. ಅದಕ್ಕೆ ಇನ್‌ಸ್ಪೆಕ್ಟರ್ ಪ್ರೊಡಕ್ಷನ್ ಸೂಪರ್‌ವೈಸರ್ ಕೈಕೆಳಗೆ ಇರಬಾರದು, ನೇರ ನಿಮಗೆ ಉತ್ತರಿಸಬೇಕು. ಅವರು ಕೆಂಪು ಟ್ಯಾಗ್ ಹಾಕಿದ ಲಾಟನ್ನು ಬಿಡುಗಡೆ ಮಾಡುವ ಅಧಿಕಾರ ನಿಮಗೊಬ್ಬರಿಗೇ, ಅದೂ ಕಾರಣ ಬರೆದು ಸಹಿ ಹಾಕಿ. ಸಹಿ ಹಾಕಬೇಕು ಅಂದಾಗ ಅರ್ಧಕ್ಕರ್ಧ ಲಾಟುಗಳನ್ನು ನೀವೇ ಬಿಡುಗಡೆ ಮಾಡುವುದಿಲ್ಲ, ನೋಡಿ.

ಟೊಯೋಟಾ ಕಾರ್ಖಾನೆಗಳ ಹಗ್ಗದ ವಿಷಯ ನೀವು ಕೇಳಿರುತ್ತೀರಿ: ದೋಷ ಕಂಡವನು ಎಳೆದರೆ ಟೀಮ್ ಲೀಡರ್ ಓಡಿ ಬರುತ್ತಾನೆ, ಗೊತ್ತುಪಡಿಸಿದ ಜಾಗ ದಾಟುವುದರೊಳಗೆ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ. ಅದನ್ನು ನಕಲು ಮಾಡುವವರು ಲೈಟು, ಬಜರ್ ಎಲ್ಲ ಹಾಕಿಸುತ್ತಾರೆ, ಓಡಿ ಬರುವವನನ್ನು ಮರೆಯುತ್ತಾರೆ. ಪ್ರತಿ ಮಷೀನಿಗೆ ಕೆಂಪು ಲೈಟ್ ಹಾಕಿಸುವುದಾದರೆ ಎರಡು ನಿಮಿಷದೊಳಗೆ ಬಂದು ನಿಲ್ಲುವವರು ಯಾರು ಅಂತ ಶಿಫ್ಟಿಗೊಂದು ಹೆಸರು ಬರೆಯಿರಿ. ಬರೆಯಲು ಆಗದಿದ್ದರೆ ಲೈಟೇ ಬೇಡ.

ಎರಡನೇ ತಿಂಗಳಿಗೆ ಒಂದು ಗಾಬರಿ ಕಾದಿದೆ, ಈಗಲೇ ಹೇಳಿಬಿಡುವುದು ಮೇಲು. ಬೋರ್ಡಿನಲ್ಲಿ ಒಳಗೆ ಸಿಕ್ಕಿದ ರಿಜೆಕ್ಷನ್ ಏರುತ್ತದೆ, ಒಂದೂವರೆಯಷ್ಟೋ ಎರಡರಷ್ಟೋ ಆದರೂ ಆಶ್ಚರ್ಯವಿಲ್ಲ. ಬಿಗಿ ಬಿಟ್ಟಿದ್ದಕ್ಕೇ ಹೀಗಾಯಿತು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 1990ರ ದಶಕದಲ್ಲಿ ಸಂಶೋಧಕಿ ಆ್ಯಮಿ ಎಡ್ಮಂಡ್ಸನ್ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ಮುಂದಾಳು ಇದ್ದ, ಹೊಂದಾಣಿಕೆ ಇದ್ದ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದು ಕಂಡಿತು. ಕಾರಣ, ಅಲ್ಲಿನವರು ತಪ್ಪನ್ನು ಹೇಳುತ್ತಿದ್ದರು, ಉಳಿದವರು ಮುಚ್ಚಿಡುತ್ತಿದ್ದರು. ಒಳಗಿನದು, ಹೊರಗಿನದು ಬೇರೆ ಬೇರೆ ಬರೆಯಿರಿ ಅಂದಿದ್ದು ಇದಕ್ಕೇ. ಒಳಗಿನದು ಏರಿ, ನಾಲ್ಕೈದು ತಿಂಗಳಲ್ಲಿ ಹೊರಗಿನದು ಇಳಿಯಲು ಶುರುವಾದರೆ ದಾರಿ ಸರಿಯಿದೆ. ಎರಡೂ ಏರಿದರೆ ಅದು ವಾತಾವರಣದ ತೊಂದರೆಯಲ್ಲ, ಮಷೀನು, ಟೂಲ್, ಗೇಜುಗಳನ್ನು ನೋಡಿ. ಎರಡೂ ಸೊನ್ನೆಯ ಹತ್ತಿರ ನಿಂತಿದ್ದರೆ ಮಾತ್ರ ನಿಜಕ್ಕೂ ಚಿಂತೆ ಮಾಡಿ, ಬೋರ್ಡಿಗೇ ಸುಳ್ಳು ಬರೆಯುತ್ತಿದ್ದಾರೆ.

ಕಾನೂನಿನ ಎರಡು ಸಮಿತಿ ನಿಮ್ಮಲ್ಲಿ ಇರಲೇಬೇಕು. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ, ಅದರಲ್ಲಿ ಆಡಳಿತದವರಷ್ಟೇ ಸಂಖ್ಯೆಯಲ್ಲಿ ಕಾರ್ಮಿಕರು. 10 ಅಥವಾ ಹೆಚ್ಚು ಜನ ಇರುವ ಕಡೆ, 2013ರ ಕಾಯ್ದೆಯಂತೆ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ; ಅಧ್ಯಕ್ಷೆ ಮಹಿಳೆ, ಸದಸ್ಯರಲ್ಲಿ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಮಹಿಳೆಯರು, ಹೊರಗಿನ ಸದಸ್ಯರೊಬ್ಬರು. ಹೆಚ್ಚಿನ ಕಡೆ ಇವು ಆಡಿಟ್ ಫೈಲಿನಲ್ಲಷ್ಟೇ ಇರುತ್ತವೆ. ಸದಸ್ಯರ ಹೆಸರನ್ನು ಬೋರ್ಡಿನ ಪಕ್ಕ ಕನ್ನಡದಲ್ಲಿ ಅಂಟಿಸಿ.

ಕೊನೆಗೆ ತಂದೆಯವರ ವಿಷಯ. ಇಪ್ಪತ್ತು ಜನ ಇದ್ದಾಗ ಅವರಿಗೆ ಬೋರ್ಡ್ ಬೇಕಿರಲಿಲ್ಲ, ಮಷೀನಿನ ಸದ್ದು ಕೇಳಿಯೇ ಏನು ಕೆಟ್ಟಿದೆ ಅಂತ ಹೇಳುತ್ತಿದ್ದಿರಬೇಕು. ಯಾರ ಮಗಳ ಮದುವೆ, ಯಾರ ಮನೆಗೆ ಸಾಲ, ಎಲ್ಲ ಗೊತ್ತಿರುತ್ತದೆ. ಅದು ನಿಮಗಿಲ್ಲದ ಬಂಡವಾಳ, ಕಳೆದುಕೊಳ್ಳಬೇಡಿ. ಆದರೆ ಒಂದೇ ಶಾಪಿನಲ್ಲಿ ಎರಡು ಕಡೆಯಿಂದ ಅಪ್ಪಣೆ ಬಂದರೆ ಜನ ತಮಗೆ ಅನುಕೂಲವಾದ ಕಡೆ ಕಿವಿ ಕೊಡುತ್ತಾರೆ. ಅಡ್ವಾನ್ಸ್, ಮದುವೆ-ಆಸ್ಪತ್ರೆ ಸಹಾಯ, ಆಯುಧಪೂಜೆ, ಹೊಸದಾಗಿ ಸೇರಿದ ಐಟಿಐ ಹುಡುಗರಿಗೆ ಕೆಲಸ ಕಲಿಸುವುದು ಅವರ ಪಾಲಿಗಿರಲಿ; ಪ್ಲಾನು, ಡಿಸ್ಪ್ಯಾಚ್, ರಿಜೆಕ್ಷನ್ ನಿಮ್ಮದು. ಈ ಹಂಚಿಕೆಯ ಮಾತನ್ನು ಮನೆಯಲ್ಲಿ ಆಡಿ, ಶಾಪಿನಲ್ಲಿ ಬೇಡ. ಅಷ್ಟಾದರೂ ಒಂದು ದಿನ ಅವರು ಯಾರ ಮೇಲಾದರೂ ರೇಗಿಯೇ ರೇಗುತ್ತಾರೆ. ಎಲ್ಲರೆದುರು ಅವರನ್ನು ತಿದ್ದಲು ಹೋಗಬೇಡಿ. ಅವತ್ತೇ, ಶಿಫ್ಟ್ ಮುಗಿಯುವುದರೊಳಗೆ, ಬೈಸಿಕೊಂಡವನ ಮಷೀನಿನ ಹತ್ತಿರ ಸೂಪರ್‌ವೈಸರ್ ಜೊತೆ ಹೋಗಿ ‘ನೀವು ಹೇಳಿದ್ದು ಸರಿ, ನಾಳೆನೂ ಹೇಳಿ’ ಅನ್ನಿ, ಅವನು ಎತ್ತಿದ ವಿಷಯವನ್ನು ಉತ್ತರದ ತಾರೀಕಿನ ಸಮೇತ ಬೋರ್ಡಿಗೆ ಬರೆಸಿ.